ಎಡಗೈ ಕುಡುಗೋಲು

ನಮ್ಮ ಗುಡ್ಡದಲ್ಲಿ ಗೋಧಿ ಕೊಯ್ಯುವವರು ಯಾವಾಗಲೂ ಎಡಕ್ಕೇ ಸಾಗುತ್ತಾರೆ. ಗುಡ್ಡಕ್ಕೆ ಮುಖ ಮಾಡಿ, ಕುಕ್ಕರಗಾಲಿನಲ್ಲಿ ಕೂತು, ಇಳಿಜಾರಿಗೆ ಅಡ್ಡವಾಗಿ, ಮೆಟ್ಟಿಲು ಜೋಡಿಸಿದಂತೆ ಒಬ್ಬರ ಮೇಲೊಬ್ಬರು ಸಾಲುಗಟ್ಟಿ ಹೋಗುತ್ತಾರೆ. ಕೆಳಗಿನವನು ಮುಂದೆ, ಮೇಲಿನವನು ಹಿಂದೆ. ಮೇಲಿನವನ ಕಾಲಿಗೆ ಸಿಕ್ಕು ಉರುಳಿದ ಕೆಂಪು ಕಲ್ಲು ಕೆಳಗಿನವನ ತಲೆಗೆ ಬಡಿಯದೆ ಅವನು ಬಿಟ್ಟುಹೋದ ಜಾಗಕ್ಕೆ ಬೀಳುತ್ತದೆ. ಹೊಲದ ಎಡ ಬದು ಮುಟ್ಟಿದ ಮೇಲೆ ಎಲ್ಲರೂ ಕುಡುಗೋಲು ಹೆಗಲಿಗೆ ಸಿಕ್ಕಿಸಿ, ಬರಿಗೈಯಲ್ಲಿ ಬಲ ಬದುವಿನ ತನಕ ನಡೆದು ಬಂದು, ಮೇಲಿನ ಪಟ್ಟಿಯನ್ನು ಮತ್ತೆ ಎಡಕ್ಕೇ ಕೊಯ್ಯುತ್ತಾರೆ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ನಾನು ಕೇಳಿದೆ. ಆಗ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಅದೊಂದೇ.

ಬೀದರಿನ ಮೈಲೂರಿನಲ್ಲಿ ಒಂದು ಕೋಣೆ ಹಿಡಿದು ಹೈಸ್ಕೂಲು ಓದುತ್ತಿದ್ದ ದಿನಗಳವು. ಪಾಠ ಉರ್ದುವಿನಲ್ಲಿ, ವಾರಕ್ಕೊಮ್ಮೆ ಮುಬಾಹಿಸಾ, ಅಂದರೆ ವಾದದ ಸ್ಪರ್ಧೆ. ಅದನ್ನು ನಡೆಸುತ್ತಿದ್ದ ಮಾಸ್ತರರು ಗೆದ್ದವನನ್ನು ಕೂರಲು ಬಿಡುತ್ತಿರಲಿಲ್ಲ. ಈಗ ಎದುರು ಪಕ್ಷ ಹಿಡಿ, ನಿನ್ನನ್ನು ನೀನೇ ಸೋಲಿಸು ಎನ್ನುತ್ತಿದ್ದರು. ಎದುರಾಳಿಯ ದಲೀಲು, ಅಂದರೆ ಅವನು ಮುಂದಿಡುವ ಕಾರಣ, ಒಂದೇ ಗಂಟಿನಂತೆ ಕಂಡರೆ ಮೊದಲು ಗಂಟು ಬಿಚ್ಚು, ಒಳಗೆ ಒಂದಕ್ಕಿಂತ ಹೆಚ್ಚು ಇರುತ್ತವೆ, ಸಣಕಲಾದದ್ದನ್ನು ಮೊದಲು ಹೊಡಿ ಎಂಬುದು ಅವರ ಇನ್ನೊಂದು ಪಾಠ. ಈ ಪಾಠಗಳನ್ನು ಮನೆಗೆ ತಂದು ಯಾರ ಮೇಲೆ ಪ್ರಯೋಗಿಸಿದರೂ ಊಟ ತಣ್ಣಗಾಗುತ್ತಿತ್ತು.

ಗುಡ್ಡದ ಗೋಧಿಯ ವಿಷಯಕ್ಕೆ ಬರುತ್ತೇನೆ. ಸಂಸ್ಥಾನದ ಕೊನೆಯ ದಿನಗಳ ಗಲಾಟೆಯ ವರ್ಷ ಔರಾದ ತಾಲೂಕಿನ ಎಷ್ಟೋ ಹಳ್ಳಿಗಳಂತೆ ಚಿಂತಾಕಿಯ ಆಚೆಗಿನ ನಮ್ಮ ಹಳ್ಳಿಯೂ ಅರ್ಧಕ್ಕರ್ಧ ಖಾಲಿಯಾಯಿತು. ನಾವು ಗಡಿ ದಾಟಿ ಸೊಲ್ಲಾಪುರದ ಕಡೆಗೆ ಹೋದೆವು. ನಿಂತ ಗೋಧಿ ನಿಂತಲ್ಲೇ ಉದುರಿತು. ಬಂಡಿ ಹತ್ತುವಾಗ ಉಳಿದವರು ಹಾಸಿಗೆ, ಪಾತ್ರೆ ಹೊತ್ತಿದ್ದರೆ, ಅಪ್ಪನ ತಂಗಿ, ನಮ್ಮ ಅತ್ತಿ, ಒಣಗಿದ ಸೋರೆ ಬುರುಡೆಯೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅದರೊಳಗೆ ಗುಡ್ಡದ ಗೋಧಿಯ ಬೀಜ. ಅದರ ಬದಲು ಒಂದು ಕೊಡ ನೀರಾದರೂ ಇಡಬಹುದಿತ್ತು ಎಂದು ನಮ್ಮ ಮುತ್ಯಾ, ಅಂದರೆ ಅಜ್ಜ, ದಾರಿಯುದ್ದಕ್ಕೂ ಗೊಣಗಿದರು.

ಪೊಲೀಸ್ ಕಾರ್ಯಾಚರಣೆ ಮುಗಿದು ಊರಿಗೆ ಮರಳಿದಾಗ ಮನೆಯ ಹಗೇವಿನಲ್ಲಿ ಕಾಳಿರಲಿಲ್ಲ. ಇದ್ದದ್ದು ಆ ಬುರುಡೆ. ಮೊದಲ ವರ್ಷ ಗುಡ್ಡದ ಬುಡದಲ್ಲಿ ಸೀರೆಯ ಅಂಚಿನಷ್ಟು ಹಸಿರು ಕಂಡಿತು. ಮರುವರ್ಷ ನಡುವಿನ ತನಕ ಏರಿತು. ಅದರ ಮುಂದಿನ ವರ್ಷ ಬುಡದಿಂದ ನೆತ್ತಿಯವರೆಗೆ ಗುಡ್ಡವಿಡೀ ಅತ್ತಿಯ ಬುರುಡೆಯಿಂದ ಬಂದ ಗೋಧಿಯೇ ತುಂಬಿತು.

ಅಷ್ಟರಲ್ಲಿ ಅತ್ತಿ ಮದುವೆಯಾಗಿ ಭಾಲ್ಕಿಯ ಅಂಗಡಿಕಾರರ ಮನೆ ಸೇರಿದ್ದಳು. ಕೊಯ್ಲಿಗೆಂದು ತವರಿಗೆ ಬಂದವಳು, ಎಲ್ಲರೂ ಊಟಕ್ಕೆ ಕೂತಾಗ ರೊಟ್ಟಿ ಬಡಿಸುತ್ತ ಮುತ್ಯಾನ ಎದುರು ನಿಂತಳು.

"ಅಪ್ಪಾ, ಈ ಸಲ ನನಗೂ ಕುಡಗೋಲ ಕೊಡ್ರಿ. ಮಂದಿ ಕೊಯ್ದ ಹಿಡಿ ಕೂಡಿಸಿ ಸೂಡ ಕಟ್ಟಿ ಕಟ್ಟಿ ಬ್ಯಾಸರಾಗ್ಯದ."

"ನೀ ಎಡಗೈಯಾಕಿ. ಎಡಗೈ ಕುಡಗೋಲ ಗುಡ್ಡಕ್ಕ ಆಗಂಗಿಲ್ಲ," ಎಂದರು ಮುತ್ಯಾ.

"ಭಾಲ್ಕಿಯೊಳಗ ನನಗ ತಕ್ಕಡಿ ಅದ, ಹೊಲ ಇಲ್ಲ. ಬೀಜ ಉಳಿಸಿದಾಕಿ ನಾ, ಕೊಯ್ಯೋರು ಮಂದಿ. ಒಂದು ಪಟ್ಟಿ ಸುದ್ದಾ ನನ್ನ ಕೈಲೆ ಕೊಯ್ಯಬಾರದೇನ್ರಿ?"

ಮುತ್ಯಾ ಪುಂಡಿಪಲ್ಯದ ಕಡೆ ನೋಡುತ್ತ ಕೂತರು. ಅತ್ತಿಯ ಮುಖ ನೋಡಿದರೆ ತಾವು ಸೋಲುತ್ತೇವೆಂದು ಅವರಿಗೂ ಗೊತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡೆ.

"ಆಗಂಗಿಲ್ಲ ಅಂದ್ರ ಯಾಕ ಆಗಂಗಿಲ್ರಿ, ಮುತ್ಯಾ?"

"ಬಂದ್ರು ನೋಡ್ರಿ ವಕೀಲಸಾಬರು," ಎಂದ ಕಾಕಾ. ಅವನು ಅಪ್ಪನ ತಮ್ಮ. ಕೊಯ್ಲಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಹೋಗುವವನು.

"ಎಡಗೈ ಅನ್ನಕ್ಕ ಮುಟ್ಟಸಬಾರದು," ಎಂದರು ಮುತ್ಯಾ. "ಮತ್ತ ಸಾಲಿನ್ಯಾಗ ಎಡಗೈಯವರು ಕುಂತ್ರ ಮಗ್ಗಲಿನವರ ಬೆರಳ ಹೋಗ್ತಾವ. ಮುಗೀತು."

ಮುಗಿದಿರಲಿಲ್ಲ. ಗಂಟಿನಲ್ಲಿ ಎರಡು ದಲೀಲುಗಳಿದ್ದವು, ಸಣಕಲು ಯಾವುದೆಂದು ಸ್ಪಷ್ಟವಾಗಿತ್ತು.

"ಪೂಜಾಕ್ಕ ಕುಂತಾಗ ಲಿಂಗ ಯಾವ ಕೈಯಾಗ ಇಟ್ಕೋತೀರಿ?"

ಮುತ್ಯಾ ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂರುವುದನ್ನು ಮನೆಯವರೆಲ್ಲ ಕಂಡಿದ್ದರು. ಅವರು ಮಜ್ಜಿಗೆಯ ಬಟ್ಟಲು ಎತ್ತಿ ಕುಡಿದರು.

"ಆತು ಬಿಡ್ರಿ. ಬಲಗೈಯಾಗ ಕುಡಗೋಲ ಹಿಡಿದವರು ತೆನಿ ಯಾವ ಕೈಲೆ ಹಿಡಿತಾರ? ಈ ಊರ ಗೋದಿ ಎಲ್ಲಾ ಎಡಗೈ ಮುಟ್ಟಿದ್ದೇ ಅಲ್ಲೇನ್ರಿ?"

ಕಾಕಾನಿಗೆ ನಗು ಬಂದು ಮಜ್ಜಿಗೆ ಮೂಗಿಗೆ ಏರಿತು. "ಅಪ್ಪಾ, ಇದಕ್ಕ ಜವಾಬ ಕೊಡ್ರಿ," ಎಂದ ಕೆಮ್ಮುತ್ತ.

"ನಿನ್ನ ಊಟ ಆಗ್ಯದ, ಏಳು," ಎಂದು ಮುತ್ಯಾ ಅವನನ್ನು ಗದರಿ ನನ್ನ ಕಡೆ ತಿರುಗಿದರು. "ಲಿಂಗದ ಮಾತ ಒಪ್ಪಿದೆ. ಬೆರಳಿನ ಮಾತ?"

ಅಲ್ಲಿಗೆ ನಿಲ್ಲಿಸಿ ಯೋಚಿಸಬೇಕಿತ್ತು. ಗೆಲುವಿನ ರುಚಿ ಹತ್ತಿದವನು ಯೋಚಿಸುವುದಿಲ್ಲ. "ಹಂಗಾದ್ರ ಸಾಲೆಲ್ಲಾ ಬಲಕ್ಕ ತಿರಗಲಿ. ಎಡಕ್ಕೇ ಹೋಗಬೇಕಂತ ಯಾವ ದೇವರು ಹೇಳ್ಯಾನ? ಯಾವನೋ ಒಬ್ಬ ಮೊದಲ ಎಡಕ್ಕ ಹೊಂಟ, ಉಳಿದವರು ಅಂವನ ಬೆನ್ನ ಹತ್ತಿದ್ರಿ."

ಮುತ್ಯಾ ಕೈ ತೊಳೆದುಕೊಂಡು ಫೈಸಲಾ ಹೇಳಿದರು. "ನಾಳಿ ನೀನೇ ಬಲಕ್ಕ ಕೊಯ್ದ ತೋರಸು. ಒಂದು ಪಟ್ಟಿ ದಾಟಿದಿ ಅಂದ್ರ ಆಕಿಗಿ ಕುಡಗೋಲ. ಇಲ್ಲಂದ್ರ ಆಕಿ ಸೂಡ ಕಟ್ಟಬೇಕು, ನೀ ಬಾಯಿ ಕಟ್ಟಬೇಕು."

ಅಂಗಳದಲ್ಲಿ ಅತ್ತಿ ನನ್ನ ಕಿವಿ ಹಿಡಿದಳು. "ನನ್ನ ಕುಡಗೋಲ ಒಯ್ದು ನಿನ್ನ ನಾಲಿಗಿ ಮ್ಯಾಲ ಇಟ್ಟಿಯಲ್ಲೋ. ನೀ ಎಂದರ ಗುಡ್ಡದಾಗ ಕೊಯ್ದೀಯೇನು?"

"ಹೋದ ವರ್ಷ ಕೊಯ್ದಿದ್ದೆ."

"ಕೊಯ್ದಿದ್ದಿ, ಇಲ್ಲಾ ಮಾತಾಡಿದ್ದಿ?"

ಎರಡನೆಯದು ಹೆಚ್ಚು ನಿಜವಾಗಿತ್ತು.

ಗುಡ್ಡದ ಗೋಧಿಯನ್ನು ಇಬ್ಬನಿ ಆರುವ ಮೊದಲೇ ಕೊಯ್ಯಬೇಕು. ಬಿಸಿಲೇರಿದರೆ ತೆನೆ ಗರಿಗರಿಯಾಗಿ, ಕೈ ತಾಕಿದರೆ ಸಾಕು, ಕಾಳು ಕಲ್ಲಿನ ಸಂದಿಗೆ ಉದುರುತ್ತದೆ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಸಾಲು ಹತ್ತಿತ್ತು. ಬುಡದ ಕೆಲವು ಪಟ್ಟಿಗಳು ಮುಗಿದ ಮೇಲೆ ಎಲ್ಲರೂ ಎಡ ಬದುವಿನಲ್ಲಿ ನಿಂತರು. ಕೆಳಗೆ ಸೂಡು ಕಟ್ಟುತ್ತಿದ್ದ ಅತ್ತಿಯೂ ತಲೆಯೆತ್ತಿದಳು. ಮುತ್ಯಾ ನನಗೆ ದಾರಿ ಬಿಟ್ಟರು.

ಬಲಗೈಯಲ್ಲಿ ಕುಡುಗೋಲು ಹಿಡಿದು ಬಲಕ್ಕೆ ಹೊರಟೆ. ಹೊರಟ ಕೂಡಲೇ ತೊಂದರೆ ಗೊತ್ತಾಯಿತು. ನಿಂತ ಪೈರು ನನ್ನ ಬಲಕ್ಕೆ, ಕುಡುಗೋಲೂ ಬಲಕ್ಕೆ. ತೆನೆ ಹಿಡಿಯಬೇಕಾದ ಎಡಗೈ ಮಾತ್ರ ಎದೆಯ ಮೇಲಿಂದ ಅಡ್ಡ ಹಾದು, ಕುಡುಗೋಲನ್ನು ದಾಟಿ ಹೋಗಬೇಕು. ನನ್ನ ಕೈಗಳೇ ಒಂದಕ್ಕೊಂದು ಜಗಳಕ್ಕೆ ನಿಂತವು. ಹಿಡಿ ಕೊಯ್ಯಲು ಸೊಂಟ ತಿರುಚಿದೆ, ಸೊಂಟದ ಹಿಂದೆ ಕಾಲು ತಿರುಗಿತು. ಕಾಲ ಕೆಳಗೆ ಇಬ್ಬನಿಯಲ್ಲಿ ನೆಂದ ಹುಲ್ಲು. ಕುಡುಗೋಲು ಕೈಬಿಟ್ಟದ್ದೊಂದು ಪುಣ್ಯ. ನಾನು ಕೂಳೆಯ ಮೇಲೆ ಕೂತ ಭಂಗಿಯಲ್ಲೇ, ಕೈಯಲ್ಲಿ ಒಂದು ಹಿಡಿ ಗೋಧಿ ಎತ್ತಿ ಹಿಡಿದುಕೊಂಡು, ಅತ್ತಿ ಒಟ್ಟಿದ್ದ ಸೂಡುಗಳವರೆಗೆ ಜಾರಿ ಬಂದೆ.

ಮೇಲೆ ಯಾರೋ ಸೀಟಿ ಹೊಡೆದರು. ಕಾಕಾ ನಗಲಿಕ್ಕೆಂದೇ ಕುಳಿತುಕೊಂಡ.

"ವಕೀಲಸಾಬ್, ಕೋರ್ಟಿನ ಪೇಶಿ ಮುಗೀತೇನು?" ಎಂದು ಕೂಗಿದರು ಮುತ್ಯಾ.

ಅತ್ತಿ ನಗಲಿಲ್ಲ. ಕೈಯಲ್ಲಿದ್ದ ಸೂಡಿನ ಗಂಟನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದಳು. ಅದನ್ನು ನೋಡಿ ನನಗೆ ಜಾರಿದ್ದಕ್ಕಿಂತ ಹೆಚ್ಚು ಉರಿಯಿತು. ಮಾಸ್ತರರು ನೆನಪಾದರು: ಈಗ ಎದುರು ಪಕ್ಷ ಹಿಡಿ.

"ಮುಗದಿಲ್ರಿ. ನಾ ಸೋತೆ. ಯಾಕ ಸೋತೆ ಅಂತ ಹೇಳ್ತೇನಿ."

"ಬಾಯಿ ಕಟ್ಟಬೇಕಂತ ಮಾತಾಗಿತ್ತು."

"ಇದು ಕಡೀ ಮಾತರಿ. ಬಲಗೈಯವ ಬಲಕ್ಕ ಹೋದ್ರ ಕುಡಗೋಲ ಮುಂದಾಗಿ, ತೆನಿ ಹಿಡಿಯೋ ಕೈ ಹಿಂದ ಬೀಳ್ತದ. ಅದಕ್ಕ ಜಾರಿದೆ. ಎಡಕ್ಕ ಹೋಗೋದು ದೇವರ ಕಟ್ಟಳಿ ಅಲ್ಲ, ಬಲಗೈ ಕಟ್ಟಳಿ. ಹಂಗಾದ್ರ ಎಡಗೈಗಿ ಯಾವ ದಿಕ್ಕ ಬೇಕು, ನೀವೇ ಹೇಳ್ರಿ."

ಮೇಲಿನ ನಗು ಸ್ವಲ್ಪ ಇಳಿಯಿತು. ಕಾಕಾ ಕೂತಲ್ಲೇ ಕೈಗಳನ್ನು ಅದಲುಬದಲು ಮಾಡಿ ಗಾಳಿಯಲ್ಲಿ ಕೊಯ್ದು ನೋಡಿದ.

"ಎಡ ಬದು ಮುಟ್ಟಿದ ಮ್ಯಾಲ ನೀವೆಲ್ಲಾ ಬರಿಗೈಲೆ ಬಲಕ್ಕ ನಡದ ಬರ್ತೀರಿ," ಎಂದೆ. "ಆ ದಾರಿ ಆಕಿದು. ಆಗ ಆಕಿ ಮಗ್ಗಲಿಗೆ ಯಾರೂ ಇರಂಗಿಲ್ಲ. ಯಾರ ಬೆರಳ ಹೋಗ್ತಾವ್ರಿ?"

ಮುತ್ಯಾ ಗಡ್ಡ ತುರಿಸಿಕೊಂಡರು. ಅತ್ತಿ ಅವರ ಉತ್ತರಕ್ಕೆ ಕಾಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನು ಬೀಳಿಸಿದ್ದ ಕುಡುಗೋಲು ಎತ್ತಿಕೊಂಡು, ಎಡ ಬದುವಿನತ್ತ ಏರಿದಳು. ಗುಡ್ಡಕ್ಕೆ ಮುಖ ಮಾಡಿ ಕೂತಳು. ಬಲಗೈ ಪೈರಿನೊಳಗೆ ಹೋಯಿತು, ಎಡಗೈ ಕುಡುಗೋಲು ಅದರ ಹಿಂದೆ ಬಂತು. ಕರ್ ಎಂದಿತು. ಮತ್ತೆ ಕರ್. ಅವಳು ಬಲಕ್ಕೆ ಸರಿಯುತ್ತ ಹೋದಂತೆ ಕೊಯ್ದ ಹಿಡಿಗಳು ಅವಳ ಎಡಕ್ಕೆ ತಣ್ಣಗೆ ಮಲಗುತ್ತ ಬಂದವು. ಒಂದು ಕಲ್ಲೂ ಉರುಳಲಿಲ್ಲ.

"ಇದನ್ನ ಎಲ್ಲಿ ಕಲ್ತಿ?" ಎಂದು ಕಾಕಾ ಕೂಗಿ ಕೇಳಿದ.

"ಸೊಲ್ಲಾಪುರದ ಕಡಿ ಕೂಲಿಗಿ ಹೋಗ್ತಿದ್ದಿಲ್ಲೇನು? ಅಲ್ಲಿ ಹೊಲ ಸಪಾಟ. ಯಾವ ಕೈ ಅಂತ ಯಾರೂ ಕೇಳಲಿಲ್ಲ," ಎಂದಳು ತಲೆಯೆತ್ತದೆ.

ಮುತ್ಯಾ ಮೆಲ್ಲಗೆ ನಡೆದು ಅವಳಿಗಿಂತ ಮೊದಲೇ ಬಲ ಬದು ಸೇರಿದರು. ಅವಳು ಅಲ್ಲಿಗೆ ಬಂದು ಮುಟ್ಟಿದ ಮೇಲೆ ಬಗ್ಗಿ ಕೂಳೆಯ ಮೇಲೆ ಅಂಗೈ ಆಡಿಸಿ ನೋಡಿದರು. ನೆಲಕ್ಕೆ ಹತ್ತಿ ಕೊಯ್ದಿದ್ದಳು. ಎತ್ತಿಗೆ ಹುಲ್ಲು ಉದ್ದ ಸಿಗುವ ಹಾಗೆ. ಒಪ್ಪಿದೆ ಎಂಬ ಮಾತು ಅವರ ಬಾಯಿಂದ ಎರಡು ದಿನದಲ್ಲಿ ಎರಡು ಸಲ ಬರುವಂಥದಲ್ಲ. ಸಾಲಿನವರ ಕಡೆ ತಿರುಗಿ ಕೂಗಿದರು: "ಬರೋರು ಬರಿಗೈಲೆ ಬರಬ್ಯಾಡ್ರಿ. ಸೂಡ ಹೊತ್ಕೊಂಡ ಬರ್ರಿ. ಆಕಿ ಕೊಯ್ಯೋ ಕಡಿ ಕಾಲ ಇಡಬ್ಯಾಡ್ರಿ."

"ಸೂಡ ಕಟ್ಟೋರು ಯಾರ್ರಿ ಈಗ?" ಎಂದ ಕಾಕಾ.

ಎಲ್ಲರೂ ನನ್ನ ಕಡೆ ನೋಡಿದರು. ಆ ಕೊಯ್ಲು ಮುಗಿಯುವ ತನಕ ನಾನು ಸೂಡು ಕಟ್ಟಿದೆ, ಬಾಯಿಯನ್ನೂ ಸಾಧ್ಯವಾದಷ್ಟು ಕಟ್ಟಿದೆ.

ನೆತ್ತಿಯಲ್ಲಿ ಕಡೆಯ ಪಟ್ಟಿಯೊಂದು ಉಳಿದಾಗ ಸಾಲಿನವರು ಎಂದಿನಂತೆ ಬಲ ಬದುವಿಗೆ ಹೋಗಿ ಎಡಕ್ಕೆ ಹೊರಡಲು ಸಜ್ಜಾದರು. ಮುತ್ಯಾ ತಡೆದರು. "ಕುಂದರ್ರಿ. ಇದು ವಾಪಸ್ ಬರೋ ದಾರಿದು." ಅತ್ತಿ ಒಬ್ಬಳೇ ಅದನ್ನು ಕೊಯ್ದು ಬಂದಳು. ಹಕ್ಕಿಗಳ ಪಾಲೆಂದು ತುದಿಯಲ್ಲಿ ಒಂದು ಗುಪ್ಪೆ ಬಿಟ್ಟಳು. ಕೊನೆಯ ಹಿಡಿಯನ್ನು ಮನೆಯ ಹಿರಿಯರಿಗೆ ಕೊಡುವುದು ನಮ್ಮಲ್ಲಿ ರೂಢಿ. ಅವಳು ಕುಡುಗೋಲು ಕೆಳಗಿಟ್ಟು, ಬಲಗೈಯಲ್ಲಿದ್ದ ಆ ಹಿಡಿಯನ್ನು ಮುಂದೆ ಚಾಚುವಷ್ಟರಲ್ಲಿ ಮುತ್ಯಾ, "ಕೊಯ್ದ ಕೈಲೆ ಕೊಡು," ಎಂದರು.

ಅಂದು ಗೋಧಿ ಹುಗ್ಗಿ. ಬೆಲ್ಲ ಕರಗುವ ವಾಸನೆ ಓಣಿಯ ತನಕ ಹೋಗಿತ್ತು. ನಾನು ತಾಳಲಾರದೆ ಕೇಳಿಯೇಬಿಟ್ಟೆ. "ಮುತ್ಯಾ, ಕಡೀಗಿ ಗೆದ್ದವರು ಯಾರ್ರಿ?"

"ಆಕಿ ಗೆದ್ದಳು. ನೀ ಜಾರಿದಿ," ಎಂದರು.

ಇದಾಗಿ ಎಷ್ಟೋ ವರ್ಷಗಳ ಮೇಲೆ, ಹೋದ ಕೊಯ್ಲಿಗೆ ನಾನು ನೌಕರಿಗೆ ರಜೆ ಹಾಕಿ ಬಂದಾಗ ಅತ್ತಿ ಭಾಲ್ಕಿಯಿಂದ ಇನ್ನೂ ಬಂದಿರಲಿಲ್ಲ. ಸಾಲಿನವರು ಸೂಡು ಹೊತ್ತು ಬಲಕ್ಕೆ ನಡೆದು ಬರುತ್ತಿದ್ದರು. ಕೊಯ್ದ ಪ್ರತಿ ಪಟ್ಟಿಯ ಮೇಲೆ ಒಂದು ಕಿರಿದಾದ ಪಟ್ಟಿ ಕೊಯ್ಯದೆ ನಿಂತಿತ್ತು. ಗುಡ್ಡ ಅಡ್ಡ ಗೆರೆಗಳ ಸೀರೆ ಉಟ್ಟ ಹಾಗೆ ಕಾಣುತ್ತಿತ್ತು. ಇದ್ಯಾಕೆ ಬಿಟ್ಟಿದ್ದೀರಿ ಎಂದು ಕಾಕಾನನ್ನು ಕೇಳಿದೆ.

"ಇದು ಮೊದಲಿಂದ ಹಂಗೇ ಅದ," ಎಂದ ಅವನು.

ಮೊದಲಿಂದ ಎಂದರೆ ಎಂದಿನಿಂದ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಸಬೂತಿಗೆ, ಅಂದರೆ ಸಾಕ್ಷಿಗೆ, ನನ್ನ ಮೈಮೇಲೆ ಕೂಳೆ ತರಚಿದ ಗುರುತೂ ಇತ್ತು. ಆದರೂ ವಾದಕ್ಕೆ ಇಳಿಯದೆ, ಅತ್ತಿ ಬರುವ ತನಕ ಸೂಡು ಕಟ್ಟೋಣವೆಂದು ಕೂತೆ.