ಹನ್ನೊಂದು ಹಳೇ ಫೋನುಗಳ ಅಕ್ಕ

ಬೆಳಗಿನ ಐದೂವರೆ. ಅಡುಗೆಮನೆಯ ಕಟ್ಟೆಯ ಮೇಲೆ ಹನ್ನೊಂದು ಹಳೇ ಫೋನುಗಳು ಸಾಲಾಗಿ ಮಲಗಿವೆ. ಒಂದರ ಗಾಜು ಬಿರುಕು ಬಿಟ್ಟಿದೆ, ಇನ್ನೊಂದರ ಬೆನ್ನಿಗೆ ರಬ್ಬರ್ ಬ್ಯಾಂಡು. ಹಾಲು ಕಾಯುವುದರೊಳಗೆ ಅಕ್ಕ ಎಲ್ಲದರಲ್ಲೂ ಒಂದೇ ವೆಬ್ ಪುಟ ತೆರೆಯುತ್ತಾರೆ, ಸೆಕೆಂಡು ಎಣಿಸುತ್ತಾರೆ, ನೋಟ್‌ಬುಕ್ಕಿನಲ್ಲಿ ಗೀಚುತ್ತಾರೆ.

ಹತ್ತೊಂಬತ್ತು ವರ್ಷ ಮೊಬೈಲ್ ರಿಪೇರಿ ಅಂಗಡಿಯಲ್ಲಿ ದುಡಿದ ಕೈ ಇದು. ಅಂಗಡಿ ಮುಚ್ಚಿದಾಗ ತಂಗಿಯ ಮಗಳು ಕರೆದಳು. ಅವಳೂ ಮೂವರು ಗೆಳೆಯರೂ ಸೇರಿ ಒಂದು ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್ ಕಟ್ಟಿದ್ದರು. ಅಂದರೆ, ವೆಬ್ ಆ್ಯಪ್ ಮಾಡುವವರು ಎಲ್ಲವನ್ನೂ ಮೊದಲಿನಿಂದ ಬರೆಯದಂತೆ ಕೈಗೆ ಸಿಗುವ ಸಿದ್ಧ ಚೌಕಟ್ಟು. ಇಂಥವು ಬೀದಿಗೊಂದಿವೆ. ಡೆವಲಪರುಗಳು ಹಿಡಿದದ್ದು ಬದುಕುತ್ತದೆ, ಉಳಿದದ್ದು ಮೂಲೆ ಸೇರುತ್ತದೆ. ಇವರ ಎದುರಾಳಿ ಚೌಕಟ್ಟಿನ ಬೆನ್ನಿಗೆ ಒಂದು ದೊಡ್ಡ ಕಂಪನಿ, ನೂರು ಎಂಜಿನಿಯರುಗಳು, ಥಳಕಿನ ಸಮ್ಮೇಳನಗಳು. ಇವರಿಗೆ ಅಕ್ಕ. ಯಾವ ಫೋನು ಏದುಸಿರು ಬಿಟ್ಟಿತೆಂದು ಅಕ್ಕ ಬರೆದದ್ದನ್ನು ನೋಡಿ ನಾಲ್ವರೂ ಪ್ರೋಗ್ರಾಂ ಕೋಡ್‌ನ ಕೊಬ್ಬು ಕರಗಿಸುತ್ತಾರೆ.

ಸಮ್ಮೇಳನವೊಂದರಲ್ಲಿ ಆ ಕಂಪನಿಯವರು ಇವರನ್ನು 'ಡಬ್ಬಾ ಅಕ್ಕ' ಎಂದು ಆಡಿಕೊಂಡರು. ತಮ್ಮ ಹೊಚ್ಚಹೊಸ ಫೋನಿನಲ್ಲಿ ಓಡಿದರೆ ಜಗತ್ತಿನ ಎಲ್ಲರ ಕೈಯಲ್ಲೂ ಓಡಿತು ಅಂದುಕೊಂಡವರ ನಗು ಅದು. ಕೇಳಿದರೆ ಮೈ ಉರಿಯುತ್ತದೆ. ಅಕ್ಕನಿಗೆ ಉರಿಯಲಿಲ್ಲ. "ನಗ್ಲಿ ಬಿಡಪ್ಪಾ. ಅವರ ಫೋನಿಗೂ ವಯಸ್ಸಾಗುತ್ತೆ."

ಕಳೆದ ತಿಂಗಳು ಬಸ್ ಸಾರಿಗೆ ಸಂಸ್ಥೆ ಕಂಡಕ್ಟರುಗಳ ಟಿಕೆಟ್ ಆ್ಯಪಿಗೆ ಈ ಎರಡು ಚೌಕಟ್ಟುಗಳಲ್ಲಿ ಒಂದನ್ನು ಆರಿಸಬೇಕಿತ್ತು. ಸೋತರೆ ಬಾಗಿಲು ಹಾಕುವುದೆಂದು ನಾಲ್ವರೂ ತೀರ್ಮಾನಿಸಿದ್ದರು. ಆಯ್ಕೆಯ ದಿನ ಸಂಸ್ಥೆಯ ಅಧಿಕಾರಿಯ ಹೊಸ ಫೋನಿನಲ್ಲಿ ಇಬ್ಬರ ಟಿಕೆಟ್ ಪುಟಗಳೂ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತೆರೆದವು. ದೊಡ್ಡ ಕಂಪನಿಯದು ಕೂದಲೆಳೆಯಷ್ಟು ಮುಂದೆ. ಹಿಂದಿನ ಕುರ್ಚಿಯಿಂದ ಅಕ್ಕ ಎದ್ದರು. ಬಾಗಿಲ ಬಳಿ ನಿಂತಿದ್ದ ಕಂಡಕ್ಟರನತ್ತ ಕೈ ಚಾಚಿದರು.

"ಅಣ್ಣಾ, ನಿಮ್ಮ ಫೋನ್ ಸ್ವಲ್ಪ ಕೊಡ್ತೀರಾ?"

"ಅಯ್ಯೋ ಅಮ್ಮಾ, ಇದು ಫೋನಲ್ಲ, ಇಟ್ಟಿಗೆ."

"ಅದೇ ಬೇಕು. ಸಾರ್, ಬಸ್ಸಲ್ಲಿ ಓಡಾಡೋದು ಈ ಇಟ್ಟಿಗೆ. ಇದರಲ್ಲಿ ತೆರೀರಿ."

ದೊಡ್ಡ ಕಂಪನಿಯ ಪುಟದಲ್ಲಿ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಇವರದು ನಾಲ್ಕೇ ಸೆಕೆಂಡಿಗೆ ಟಿಕೆಟ್ ತೋರಿಸಿತು. "ಎಲಾ! ನನ್ನ ಇಟ್ಟಿಗೆಗೂ ಜೀವ ಇದೆ!" ಎಂದ ಕಂಡಕ್ಟರ್. ಅಲ್ಲಿಗೆ ಪೈಪೋಟಿ ಮುಗಿಯಿತು.

ಅಂದಿನಿಂದ ಆರು ಸಾವಿರ ಡೆವಲಪರುಗಳು ಈ ಚೌಕಟ್ಟಿಗೆ ಬಂದಿದ್ದಾರೆ. ಪತ್ರಿಕೆಗಳಲ್ಲಿ ಬಂದದ್ದು ಮಾತ್ರ ಅಧಿಕಾರಿಯ ಫೋಟೋ! ಅಂದು ನಕ್ಕ ಕಂಪನಿಯವರು ಈಗ ಅಕ್ಕನಿಗೇ ಫೋನ್ ಮಾಡಿ, ಹಳೇ ಫೋನುಗಳು ಎಲ್ಲಿ ಸಿಗುತ್ತವೆ ಎಂದು ಕೇಳುತ್ತಾರೆ. ಅಕ್ಕ ವಿಳಾಸ ಕೊಟ್ಟಿದ್ದಾರೆ.

"ಯಾಕೆ ಕೊಟ್ರಿ ದೊಡ್ಡಮ್ಮಾ?" ತಂಗಿಯ ಮಗಳು ಸಿಡುಕುತ್ತಾಳೆ.

"ಅವರದ್ದೂ ಬೇಗ ತೆರೀಲಿ ಕಣೇ. ಕಾಯೋರು ಬಸ್ಸಲ್ಲಿ ನಿಂತಿರೋ ಜನ ತಾನೇ?"

ಹಾಲು ಉಕ್ಕಿ ಬರುತ್ತದೆ. ಅಕ್ಕ ಒಲೆ ಆರಿಸಿ, ಹನ್ನೊಂದನೇ ಫೋನಿನ ಲೆಕ್ಕ ಬರೆದು, ನೋಟ್‌ಬುಕ್ಕನ್ನು ನಮ್ಮತ್ತ ತಿರುಗಿಸುತ್ತಾರೆ.

"ನಮ್ಮದು ಈಗ ಮೂರೂವರೆ ಸೆಕೆಂಡು. ಬರ್ಲಿ, ಹಿಡೀಲಿ ನೋಡೋಣ."