ಗಾಳಿ ಕಳ್ಳನ ಕತೆ ಹೇಳುತ್ತಿದ್ದ ನನ್ನ ಮಾವನವರು

ನನ್ನ ಮಾವನವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ನೂಲಿನ ಗಿರಣಿಯಲ್ಲಿ ಹರಿದ ಎಳೆಗಳನ್ನು ಹೊಸೆದು ಹೊಸೆದು ಅವು ಹುಣಸೆಬೀಜದ ಹಾಗೆ ನುಣುಪಾಗಿ ಹೊಳೆಯುತ್ತಿದ್ದವು. ನೀರಿನ ತಂಬಿಗೆ ಆ ಬೆರಳುಗಳಿಂದ ಜಾರುತ್ತಿತ್ತು. ಅದಕ್ಕೇ ಎರಡೂ ಕೈಯಿಂದ ತಂಬಿಗೆ ಹಿಡಿದು, ಮಗು ಹಾಲು ಕುಡಿಯುವಂತೆ ನೀರು ಕುಡಿಯುತ್ತಿದ್ದರು.

ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವರ ಬಗ್ಗೆ ಬರೆಯಲು ಕೂತರೆ ಮೊದಲು ಕಣ್ಣ ಮುಂದೆ ಬರುವುದು ಆ ಎರಡು ಬೆರಳುಗಳೇ.

ನಾನು ಕಣಗಲಾದಿಂದ ಕೊಣ್ಣೂರಿಗೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಒಂದು ರೂಢಿ ಇತ್ತು. ಸೊಸೆಯಾದವಳು ಮಾವನ ಎದುರು ಬಾಯಿ ತೆರೆಯಬಾರದು. ಏನಾದರೂ ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಮಾವನವರಿಗೆ ಹೇಳುತ್ತಿದ್ದರು. ಇದರಲ್ಲಿ ನನಗೆ ಬೇಸರವೇನೂ ಇರಲಿಲ್ಲ. ನಮ್ಮ ತವರಿನಲ್ಲೂ ಹಾಗೆಯೇ ಇತ್ತು.

ಆದರೆ ಈ ಮನೆಯಲ್ಲಿ ಇನ್ನೊಂದು ಮಾತೂ ಇತ್ತು. ಮಾವನವರೂ ನನ್ನ ಗಂಡನೂ ಒಂದೇ ಗಿರಣಿಯ ಒಂದೇ ಖಾತೆಯಲ್ಲಿ, ಅಂದರೆ ಒಂದೇ ವಿಭಾಗದಲ್ಲಿ, ದುಡಿಯುತ್ತಿದ್ದರು. ಅಲ್ಲಿ ಯಂತ್ರಗಳ ಸದ್ದಿನಲ್ಲಿ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಮಾತು ತಿಳಿಯುತ್ತಿರಲಿಲ್ಲವಂತೆ. ಹಾಗಾಗಿ ಕೆಲಸದವರು ಕೈಸನ್ನೆಯಲ್ಲಿ ಮಾತಾಡುತ್ತಿದ್ದರು, ಒಬ್ಬರ ತುಟಿ ಇನ್ನೊಬ್ಬರು ಓದುತ್ತಿದ್ದರು. ಮೊದಲು ಚಪ್ಪಾಳೆ ತಟ್ಟಿದರೆ ‘ಇತ್ತ ನೋಡು’. ಎರಡು ಬೆರಳು ಹೊಸೆದರೆ ‘ಎಳೆ ಹರಿದಿದೆ, ಜೋಡಿಸು’. ಅಂಗೈ ಬೋರಲು ಮಾಡಿ ಕೆಳಗಿಳಿಸಿದರೆ ‘ಯಂತ್ರ ನಿಂತಿತು’. ಎರಡು ಕೈಗಳನ್ನು ಒಂದರ ಮುಂದೊಂದು ಹಾಯಿಸಿದರೆ ‘ನನ್ನ ಪಾಳಿ ಮುಗಿಯಿತು, ನೀನು ಬಾ’. ಮನೆಗೆ ಬಂದ ಮೇಲೂ ತಂದೆ ಮಗ ಊಟದ ಮುಂದೆ ಹೀಗೆಯೇ ಮಾತಾಡುತ್ತಿದ್ದರು. ನೋಡುತ್ತ ನೋಡುತ್ತ ನಾನೂ ಕಲಿತೆ.

ಒಂದು ದಿನ ಮಾವನವರು ಊಟಕ್ಕೆ ಕೂತು, ಅಭ್ಯಾಸದಂತೆ ಗಾಳಿಯಲ್ಲಿ ಚಿಟಿಕೆ ಉದುರಿಸಿ ಉಪ್ಪು ಕೇಳಿದರು. ನಾನು ಬಾಗಿಲ ಮರೆಯಿಂದ ಕೈ ಚಾಚಿ, ಪಲ್ಯದಲ್ಲಿ ಸಾಕಷ್ಟಿದೆ, ಮೊದಲು ಕಲಸಿ ನೋಡಿ ಎಂದು ಸನ್ನೆ ಮಾಡಿದೆ. ಅವರು ಕಲಸಿ ನೋಡಿ ತಲೆಯಾಡಿಸಿದರು. ಅಂದಿನಿಂದ ನಾವಿಬ್ಬರೂ ಹೀಗೆ ಮಾತಾಡತೊಡಗಿದೆವು. ಬಾಯಿ ತೆರೆಯದ ಕಾರಣ ರೂಢಿ ಮುರಿದಂತಾಗಲಿಲ್ಲ. ಅತ್ತೆಗೆ ಮಾತ್ರ ಇದನ್ನು ತಡೆಯಬೇಕೋ ಬಿಡಬೇಕೋ ತಿಳಿಯದೆ ತಲೆಕೆಟ್ಟಿತ್ತು.

“ಏನ ನಡಿಸೀರಿ ಇಬ್ಬರೂ? ಇದ ಮನಿ ಐತೋ ನಿಮ್ಮ ಗಿರಣಿ ಐತೋ?” ಎಂದು ಅವರು ಗದರಿದರೆ, ಮಾವನವರು ನನ್ನ ಕಡೆ ತಿರುಗಿ ಅಂಗೈ ಬೋರಲು ಮಾಡಿ ಕೆಳಗಿಳಿಸುತ್ತಿದ್ದರು. ಯಂತ್ರ ನಿಂತಿತು!

ರವಿವಾರ ಗಿರಣಿಗೆ ಸೂಟಿ. ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಬಾಜೂ ಮನೆಯ ಟೇಲರ್ ಕಾಕಾ ಮತ್ತು ಸಾಲಿಯ ಮಾಸ್ತರರು ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದರು. ರಷ್ಯಾದವರು ಆಕಾಶಕ್ಕೆ ಗೋಲ ಹಾರಿಸಿದ ಸುದ್ದಿ ಪೇಪರಿನಲ್ಲಿ ಬಂದಿದ್ದ ದಿನಗಳವು. ಟೇಲರ್ ಕಾಕಾ, ಇನ್ನು ಚಂದ್ರನ ಮೇಲೂ ಜನ ಮನೆ ಕಟ್ಟುತ್ತಾರೆ ಅಂದರು.

“ಚಂದ್ರನ ಮ್ಯಾಲ ಗಾಳಿನ ಇಲ್ರಿ, ಮನಷ್ಯಾ ಹೆಂಗ ಇರತಾನ?” ಅಂದರು ಮಾಸ್ತರರು.

ಮಾವನವರು ಬೀಡಿಯ ಬೂದಿ ಕೊಡವಿ, “ಇಲ್ಲ ಅಂದ್ರ ಏನ್ರಿ ಮಾಸ್ತರ, ಯಾರರ ಕದ್ದಿರಬೇಕು. ತಡೀರಿ, ಪತ್ತೆ ಹಚ್ಚೂಣು,” ಅಂದರು.

ಹೀಗೆ ಹುಟ್ಟಿದವನು ಪತ್ತೇದಾರ ಬಾಳಪ್ಪ. ಮಾವನವರ ಕತೆಯಲ್ಲಿ ಚಂದ್ರನ ಮೇಲೊಂದು ಊರು. ಭೂಮಿಯ ಗಾಳಿಯನ್ನು ಹತ್ತಿಯಂತೆ ಅದುಮಿ ಮೂಟೆ ಕಟ್ಟಿ ಅಲ್ಲಿಗೆ ಕಳಿಸುತ್ತಾರೆ. ಅಲ್ಲಿನ ಗಿರಣಿಯಲ್ಲಿ ಗಾಳಿಯ ಎಳೆ ತೆಗೆದು ಬಾಬಿನ್‌ಗೆ ಸುತ್ತಿ ಮನೆಮನೆಗೆ ಹಂಚುತ್ತಾರೆ. ಒಂದು ಮುಂಜಾನೆ ಗೋದಾಮಿನ ಕಾರಕೂನ ತುಟಿ ನೀಲಿಯಾಗಿ ಸತ್ತು ಬಿದ್ದಿದ್ದಾನೆ. ಪಕ್ಕದಲ್ಲಿ ಖಾಲಿ ಬಾಬಿನ್ನುಗಳು ಉರುಳಾಡುತ್ತಿವೆ. ಗಾಳಿ ಕದ್ದವರು ಯಾರು?

ಕಂಡುಹಿಡಿಯಬೇಕಾದವನು ಮೂಡಲಗಿಯ ಬಾಳಪ್ಪ. ಪಹರೆಯಲ್ಲಿ ನಿದ್ದೆ ಹೋಗಿ ಪೊಲೀಸ್ ಕೆಲಸ ಕಳೆದುಕೊಂಡವನು. ಹೆಂಡತಿಗೆ ಹೆದರಿ ಚಂದ್ರನಿಗೆ ಓಡಿಬಂದವನು. ನಶ್ಯದ ಚಟ ಬೇರೆ, ಅದಕ್ಕೆ ನಮ್ಮ ಕಡೆ ತಪಕೀರು ಅನ್ನುತ್ತೇವೆ. ತಲೆಗೆ ಗಾಜಿನ ಗಡಿಗೆ ಹಾಕಿಕೊಂಡು, ಬಾಬಿನ್ನಿನ ಎಳೆಯಿಂದ ಅದರೊಳಗೆ ಉಸಿರಾಡುತ್ತಲೇ ಓಡಾಡಬೇಕಾದ ಊರಿನಲ್ಲಿ ನಶ್ಯ ಏರಿಸುವುದು ಹೇಗೆ? ಅವನು ಗಡಿಗೆ ಹಾಕಿಕೊಳ್ಳುವ ಮೊದಲೇ ಮೂಗು ತುಂಬಿಸಿಕೊಂಡಿರುತ್ತಿದ್ದ. ಕಳ್ಳನ ಬೆನ್ನುಹತ್ತಿದಾಗ ಸರಿಯಾಗಿ ಸೀನು ಬಂದು, ಗಾಜು ಮಬ್ಬಾಗಿ, ಕಳ್ಳನ ಬದಲು ಗಿರಣಿಯ ಕಂಬವನ್ನು ತಬ್ಬಿ “ಸಿಕ್ಕಿ ಮಗನ!” ಅನ್ನುತ್ತಿದ್ದ. ಚಂದ್ರನ ಮೇಲೆ ಮೈ ಹಗುರವೆಂದು ಮಾಸ್ತರರು ಹೇಳಿದ ಮೇಲಂತೂ, ಹಾರಿಹೋಗಬಾರದೆಂದು ಪತ್ತೇದಾರನೂ ಕಳ್ಳನೂ ಸೊಂಟಕ್ಕೆ ಬೀಸುಕಲ್ಲು ಕಟ್ಟಿಕೊಂಡೇ ಓಡತೊಡಗಿದರು.

“ಹಿಂತಾ ಹೇಡಿನ್ನ ಪತ್ತೇದಾರ ಮಾಡೀರಲ್ಲ, ಒಬ್ಬ ಗಟ್ಟಿ ಗಂಡಸ ಸಿಗಲಿಲ್ಲೇನ್ರಿ?” ಎಂದು ಟೇಲರ್ ಕಾಕಾ ಸಿಟ್ಟಾಗುತ್ತಿದ್ದರು.

“ಗಟ್ಟಿ ಇದ್ದಾಂವ ಚಂದ್ರಕ್ಕ ಯಾಕ ಹೊಕ್ಕಾನಪಾ? ಮೂಡಲಗ್ಯಾಗ ಒಕ್ಕಲತನ ಮಾಡಕೊಂಡ ಇರತಿದ್ದ. ಇಂವಾ ನಮ್ಮಂಗ ಅದಾನ. ಹೆದರತಾನ, ಖರೆ, ಕೆಲಸ ಬಿಡೂದಿಲ್ಲ.”

ನಾನು ಒಳಗೆ ಬಾಗಿಲ ಮರೆಯಲ್ಲಿ ಕೂತು ಜೋಳ ಹಸನು ಮಾಡುತ್ತ ಕೇಳುತ್ತಿದ್ದೆ. ನಗು ಬಂದರೆ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದೆ. ಮಾವನವರು ಅಲ್ಲಿಂದಲೇ ಒಂದು ಕಣ್ಣು ನನ್ನ ಕಡೆ ಇಟ್ಟಿರುತ್ತಿದ್ದರು. ನಾನು ನಕ್ಕರೆ ಆ ಭಾಗವನ್ನು ಇನ್ನಷ್ಟು ಬೆಳೆಸುತ್ತಿದ್ದರು.

ಬೀಡಿಯಿಂದಲೋ, ಹತ್ತಿಯ ಧೂಳಿನಿಂದಲೋ, ವಯಸ್ಸಿನಿಂದಲೋ, ಮಾವನವರಿಗೆ ದಮ್ಮು ಹತ್ತಿತು. ಗಿರಣಿ ಬಿಟ್ಟು ಮನೆಯಲ್ಲಿ ಉಳಿದರು. ಎರಡು ಮಾತಾಡಿದರೆ ಮೂರನೆಯದಕ್ಕೆ ಉಸಿರು ಸಾಲದು. ಕತೆ ಮಾತ್ರ ಬಿಡಲಿಲ್ಲ. ಕಳ್ಳ ಸಿಗುವ ಮೊದಲು ತಾನು ಹೋಗಬಾರದು ಎಂದು ಅತ್ತೆಗೆ ಹೇಳಿದ್ದರಂತೆ. ಅತ್ತೆ ಅದನ್ನು ನನಗೆ ಹೇಳುವಾಗ ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

ಒಂದು ರವಿವಾರ ಕತೆಯಲ್ಲಿ ಬಾಳಪ್ಪ ಗೋದಾಮಿನ ಬಾಗಿಲು ನೂಕಿದ್ದ, ಅಷ್ಟರಲ್ಲಿ ಮಾವನವರ ಉಸಿರು ಸಿಕ್ಕಿಕೊಂಡಿತು. ಕೆಮ್ಮಿ ಕೆಮ್ಮಿ ಗೋಡೆಗೆ ಒರಗಿದರು. ಮಾಸ್ತರರು, “ಇರಲಿ ಬಿಡ್ರಿ, ಮುಂದಿನ ವಾರ ಕೇಳೂಣು,” ಎಂದು ಎದ್ದರು. ಮಾವನವರು ಜೋರಾಗಿ ಚಪ್ಪಾಳೆ ತಟ್ಟಿದರು. ಇತ್ತ ನೋಡು. ನಾನು ನೋಡಿದೆ. ಅವರ ಕೈಗಳು ಮಾತಾಡತೊಡಗಿದವು. ಬಾಳಪ್ಪ ಒಳಗೆ ಹೋದ, ಗಡಿಗೆ ತೆಗೆದ, ಮೂಗಿಗೆ ಏರಿಸಿದ. ಆಮೇಲೆ ನನ್ನ ಕಡೆ ಬೆರಳು ತೋರಿಸಿ, ಕಟ್ಟೆಯ ಕಡೆ ತೋರಿಸಿದರು. ನೀನು ಹೇಳು.

ಮಾವನ ಎದುರು, ಪರಗಂಡಸರ ಎದುರು ಮಾತೇ? ಅತ್ತೆಯ ಮುಖ ನೋಡಿದೆ. ಅವರು ಮಾವನವರನ್ನು ನೋಡಿದರು. ಅವರಿಗೆ ಮಾತಿಗೆ ಉಸಿರಿರಲಿಲ್ಲ, ಆದರೂ ಕೈ ಚಾಚಿಯೇ ಇತ್ತು.

“ಹೇಳವಾ,” ಅಂದರು ಅತ್ತೆ. “ಸೆರಗ ಹೊತ್ಕೊಂಡ ಹೇಳು. ಅವರ ಮಾತ ನೀ ಆಡಿದರ ಅದು ಅವರದ ಆಗತೈತಿ.”

ನಾನು ಹೊಸ್ತಿಲಿಗೆ ಬಂದು, ಸೆರಗು ಹೊದ್ದು, ಮಾವನವರ ಎದುರು ಮೊಟ್ಟಮೊದಲ ಮಾತು ಆಡಿದೆ. “ಬಾಳಪ್ಪ ಗಡಿಗಿ ತಗದ ತಪಕೀರ ಏರಿಸಿದ.”

ಟೇಲರ್ ಕಾಕಾ ಕಟ್ಟೆಯಿಂದ ಉರುಳುವಷ್ಟು ನಕ್ಕರು. “ಭಪ್ಪರೇ ಸೊಸಿ! ಮದಲನೇ ಮಾತ ತಪಕೀರೇನವಾ?” ಅತ್ತೆಯೂ ನಕ್ಕರು. ಮಾವನವರು ಸದ್ದಿಲ್ಲದೆ, ಭುಜ ಕುಣಿಸಿ ನಕ್ಕರು.

ಅಲ್ಲಿಂದ ಪ್ರತಿ ರವಿವಾರ ಹೀಗೆಯೇ ನಡೆಯಿತು. ಅವರು ಕೈಯಲ್ಲಿ ಹೇಳುತ್ತಿದ್ದರು, ನಾನು ಬಾಯಲ್ಲಿ. ಅವರ ಕಿವಿ ಯಂತ್ರದ ಸದ್ದಿಗೆ ಮಂದವಾಗಿತ್ತು. ಆದರೂ ನನ್ನ ತುಟಿ ನೋಡುತ್ತ, ಮಾತು ಬಿಟ್ಟರೆ ಚಪ್ಪಾಳೆ ತಟ್ಟಿ ಮತ್ತೆ ಹೇಳಿಸುತ್ತಿದ್ದರು. ಬೀಸುಕಲ್ಲನ್ನು ಮರೆತರೆ ಎದ್ದು ಕೂಡುತ್ತಿದ್ದರು.

ಕೊನೆಯ ಸಲ ಅವರನ್ನು ದಿಂಬಿಗೆ ಒರಗಿಸಿ ಕಟ್ಟೆಯ ಮೇಲೆ ಕೂರಿಸಿದ್ದೆವು. ಕೈಗಳೂ ನಿಧಾನವಾಗಿದ್ದವು. ಕಳ್ಳ ಸಿಕ್ಕ. ಅವನು ಗಿರಣಿಯ ಹಳೆಯ ಪಹರೆಯವನು, ದಮ್ಮಿನ ಮುದುಕ. ಎಲ್ಲರಿಗೂ ಕೊಡುವಷ್ಟು ಗಾಳಿ ಅವನ ಎದೆಗೆ ಸಾಲುತ್ತಿರಲಿಲ್ಲ. ಅದಕ್ಕೇ ಕದ್ದಿದ್ದ. ತಡೆಯಲು ಬಂದ ಕಾರಕೂನನ ಗಡಿಗೆ ಒಡೆದಿದ್ದ. ಈಗ ಅವನ ಬಳಿಯೂ ಗಾಳಿ ಮುಗಿದಿದೆ. ಬಾಳಪ್ಪನ ಬಳಿ ಉಳಿದದ್ದು ತನ್ನದೊಂದೇ ಬಾಬಿನ್. ಜೀವನದಲ್ಲಿ ಒಂದೂ ಕೆಲಸ ಸರಿಯಾಗಿ ಮಾಡದ ಬಾಳಪ್ಪ, ಮುದುಕ ಬದುಕಿ ತಪ್ಪೊಪ್ಪಿಕೊಳ್ಳಲಿ ಎಂದು ಆ ಬಾಬಿನ್ ಬಿಚ್ಚಿ ಅವನಿಗೆ ಕೊಟ್ಟ. ಗೋಡೆಗೆ ಒರಗಿ ಕೂತ.

ಅಲ್ಲಿಯವರೆಗೆ ನಾನು ಹೇಳಿದೆ. ಮಾವನವರು ಅಂಗೈ ಬೋರಲು ಮಾಡಿ ನಿಧಾನವಾಗಿ ಕೆಳಗಿಳಿಸಿದರು. ಯಂತ್ರ ನಿಂತಿತು.

ಟೇಲರ್ ಕಾಕಾ ಮುಂದೆ ಬಾಗಿ ಕೂತಿದ್ದರು. “ಮುಂದ?” ಅಂದರು.

ಬಾಳಪ್ಪ ಸತ್ತ ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಮಾವನವರ ನೀಲಿಗಟ್ಟಿದ ತುಟಿ ನೋಡಿದೆ. ಆಮೇಲೆ ಹೇಳಿದೆ. “ಗಾಳಿಯ ಎಳಿ ಹರೀತು. ಬಾಳಪ್ಪಗ ಕಣ್ಣ ಕತ್ತಲಿ ಬಂತು. ಅಷ್ಟರಾಗ ಆ ಮುದುಕ ಇಂವಾ ಕೊಟ್ಟ ಬಾಬಿನ್ನಿನ ತುದಿ ಎಳದ, ಇಂವನ ಹರದ ಎಳಿಗೆ ಹೊಸದ. ಒಂದ ಎಳಿ ಮ್ಯಾಲ ಇಬ್ಬರೂ ಉಸರಾಡಕೋತ ಠಾಣೇಕ ಬಂದರು.” ಹೇಳುತ್ತ ನನಗೆ ಅರಿವಿಲ್ಲದೆ ಎರಡು ಬೆರಳು ಹೊಸೆದಿದ್ದೆ.

“ಶಾಬ್ಬಾಸ್!” ಎಂದು ಮಾಸ್ತರರು ಮೊಣಕಾಲಿಗೆ ಹೊಡೆದುಕೊಂಡರು.

ಮಾವನವರು ನನ್ನ ತುಟಿ ಓದಿದ್ದರು. ಒಂದು ಗಳಿಗೆ ನನ್ನನ್ನೇ ನೋಡಿದರು. ನಾನು ತಲೆ ತಗ್ಗಿಸಿದೆ. ಚಪ್ಪಾಳೆ ಕೇಳಿಸಿತು, ಬಹಳ ಮೆಲ್ಲಗೆ. ತಲೆ ಎತ್ತಿದರೆ ಅವರ ಭುಜ ಕುಣಿಯುತ್ತಿತ್ತು. ಆಮೇಲೆ ಎರಡು ಕೈಗಳನ್ನು ಒಂದರ ಮುಂದೊಂದು ಹಾಯಿಸಿದರು. ನನ್ನ ಪಾಳಿ ಮುಗಿಯಿತು, ನೀನು ಬಾ.

ಮುಂದಿನ ರವಿವಾರಕ್ಕೆ ಅವರು ಇರಲಿಲ್ಲ.

ದಿನಕರ್ಮಗಳು ಮುಗಿದ ಮೇಲೆ ಒಂದು ರವಿವಾರ ಬಿಸಿಲು ಇಳಿಯುವ ಹೊತ್ತಿಗೆ ಟೇಲರ್ ಕಾಕಾ, ಮಾಸ್ತರರು ಬಂದು ಕಟ್ಟೆಯ ಮೇಲೆ ಕೂತರು. ಮಾವನವರ ದಿಂಬಿನ ಜಾಗವನ್ನು ಬಿಟ್ಟು ಕೂತಿದ್ದರು. ಅತ್ತೆ ಚಹಾ ತಂದಿಟ್ಟು ಹೊಸ್ತಿಲ ಮೇಲೆ ಕೂತರು.

“ಠಾಣೇಕ ಬಂದ ಮ್ಯಾಗ ಬಾಳಪ್ಪ ಏನ ಮಾಡಿದನವಾ?” ಎಂದು ಅತ್ತೆ ಕೇಳಿದರು.

ನಾನು ಸೆರಗು ಸರಿಮಾಡಿಕೊಂಡೆ. ಖಾಲಿ ಜಾಗದ ಕಡೆ ತಿರುಗಿ, ಅವರು ನನ್ನ ತುಟಿ ನೋಡಲಿ ಎಂಬಂತೆ, ಬಿಡಿಸಿ ಬಿಡಿಸಿ ಹೇಳಿದೆ.

“ಮದಲ ಅವಗ ಒಂದ ಚಿಟಿಗಿ ತಪಕೀರ ಬೇಕಾತು.”