ಸೂರ್‌ನ ಹಾಡಿಗೆ ಮೂರು ಹೆಸರು

ಕ್ಯಾಸ್ಮಿರ್ ಮಸ್ಕತ್ತಿಗೆ ಬಂದದ್ದು ಶಿಪ್ಪಿಂಗ್ ಕಂಪೆನಿಯೊಂದರ ಗುಮಾಸ್ತರಾಗಿ. ಆದರೆ ಅಲ್ಲಿಯ ಮಂಗಳೂರು, ಉಡುಪಿ ಕಡೆಯವರಿಗೆ ಅವರ ಪರಿಚಯ ಗಿಟಾರಿನಿಂದಲೇ. ಹರೆಯದಲ್ಲಿ ಇಂಗ್ಲಿಷ್ ರಾಕ್ ಬ್ಯಾಂಡುಗಳ ಕ್ಯಾಸೆಟ್ಟುಗಳನ್ನು ಟೇಪು ಸವೆಯುವವರೆಗೂ ಕೇಳಿ, ಅದೇ ಹುರುಪಿನಲ್ಲಿ ಕೊಂಕಣಿ ಹಾಡು ಕಟ್ಟಲು ಹೊರಟವರು. ರಾಗ ಅವರದು, ಮಾತು ಗೆಳೆಯ ಫ್ಲೋಯ್ಡರದು. ಫ್ಲೋಯ್ಡ್ ಒಮಾನಿನದೇ ಕಡಲತೀರದ ಊರು ಸೂರ್‌ನ ಗ್ಯಾಸ್ ಸ್ಥಾವರದಲ್ಲಿ ಆಪರೇಟರ್. ಡ್ರಮ್ಸಿಗೆ ಕೂರುತ್ತಿದ್ದವರು ಬಂಟ್ವಾಳದ ಬ್ಯಾರಿ, ಮಸ್ಕತ್ತಿನ ಘಾಲಾದಲ್ಲಿ ಗ್ಯಾರೇಜು ಇಟ್ಟ ಉಮ್ಮರ್. ಕೊಂಕಣಿ ಅರ್ಧಂಬರ್ಧ ಬಂದರೂ ತಾಳ ಒಮ್ಮೆಯೂ ತಪ್ಪಿದವರಲ್ಲ. ವಯಸ್ಸಾದಂತೆ ಬ್ಯಾಂಡು ತಾನಾಗಿಯೇ ನಿಂತುಹೋಗಿತ್ತು.

ಈ ವರ್ಷ ಮಂಗಳೂರಿನ ಒಂದು ಸಂಗೀತ ಕಂಪೆನಿಯಿಂದ ಯಶ್ಮಿತಾ ಎಂಬ ಹುಡುಗಿ ಫೋನು ಮಾಡಿದಳು. ಹಳೆಯ ಕೊಂಕಣಿ ಹಾಡುಗಳ ಹಕ್ಕನ್ನೆಲ್ಲ ಕೊಂಡು, ಸ್ವಚ್ಛ ಮಾಡಿ, ಆನ್‌ಲೈನಿನಲ್ಲಿ ಹಾಕುತ್ತಾರಂತೆ. "ಅಂಕಲ್, ನಿಮ್ಮದು ಎಲ್ಲ ಒಟ್ಟಿಗೆ ಕೊಡ್ತೀರಾ?"

ಕ್ಯಾಸ್ಮಿರ್‌ಗೆ ಅಂದು ಊಟ ಸೇರಲಿಲ್ಲ. ವಾರದ ರಜೆಗೆ ಸೂರ್‌ನಿಂದ ಕಾರು ಓಡಿಸಿಕೊಂಡು ಬಂದ ಫ್ಲೋಯ್ಡರ ಎದುರು, ಅಲ್ ಗುಬ್ರಾದ ತಮ್ಮ ಫ್ಲ್ಯಾಟಿನಲ್ಲಿ ಕುಳಿತು ಹೇಳಿದರು: "ಮಕ್ಕಳನ್ನು ದತ್ತು ಕೊಟ್ಟ ಹಾಗೆ ಆಗ್ತದೆ."

"ದತ್ತು ಅಲ್ಲ ಮಾರಾಯ, ಮದುವೆ ಮಾಡಿ ಕೊಟ್ಟ ಹಾಗೆ. ಮನೆಯಲ್ಲೇ ಕೂರಿಸಿ ಎಂಥ ಮಾಡ್ತಿ? ನಿನ್ನ ಕ್ಯಾಸೆಟ್ಟಿಗೆ ಆಗಲೇ ಬೂಷ್ಟು ಹಿಡಿದಿದೆ."

ಮಾರುವುದೆಂದು ಅಲ್ಲಿಗೆ ತೀರ್ಮಾನವಾಯಿತು. ಯಾವ ಹಾಡು ಯಾರದು ಎಂದು ಕಂಪೆನಿಗೆ ತಿಳಿಸಬೇಕಿತ್ತು. ಇಬ್ಬರೂ ಒಂದೊಂದಾಗಿ ಕೇಳುತ್ತಾ ಹೋದರು. ಜಗಳವೂ ಆಯಿತು, ಆದರೆ ಉಲ್ಟಾ ಜಗಳ. "ಈ ಸಾಲಿನ ತಿರುವು ನಿನ್ನದು," ಎಂದು ಒಬ್ಬರು, "ಇಲ್ಲ, ನೀನು ಗುನುಗಿದ್ದಕ್ಕೇ ನನಗೆ ಹೊಳೆದದ್ದು," ಎಂದು ಇನ್ನೊಬ್ಬರು.

ಕೊನೆಗೆ ಸೂರ್‌ನ ಹಾಡು ಬಂತು. ದೋಣಿ ಕಟ್ಟುವ ಬಡಗಿಗಳ ಮೇಲಿನ ಆ ಹಾಡು ಗೊತ್ತಿಲ್ಲದ ಕೊಂಕಣಿ ಮನೆ ಮಸ್ಕತ್ತಿನಲ್ಲಿ ಇರಲಿಲ್ಲ. ಅಡುಗೆಮನೆಯಲ್ಲಿ ಮೀನು ಹುರಿಯುತ್ತಿದ್ದ ಕ್ಯಾಸ್ಮಿರ್‌ರ ಹೆಂಡತಿ ಆಲಿಸ್ ಅಲ್ಲಿಂದಲೇ ದನಿಗೂಡಿಸಿದರು. ಹಾಡುವ ಮೊದಲು ಸಟ್ಟುಗದಿಂದ ಕಟ್ಟೆಯ ಮೇಲೆ ತಾಳ ಬಡಿದರು.

ಕ್ಯಾಸ್ಮಿರ್ ಫ್ಲೋಯ್ಡರ ಮುಖ ನೋಡಿದರು. ಉಮ್ಮರ್ ಸೇರಿ ಮೂವರೂ ಸೂರ್‌ನಲ್ಲಿ ದೋಣಿ ಕಟ್ಟುವಲ್ಲಿಗೆ ಹೋಗಿದ್ದ ದಿನ ಕಣ್ಣಿಗೆ ಕಟ್ಟಿತು. ಬಡಗಿಗಳು ಹಲಗೆಗೆ ಮೊಳೆ ಹೊಡೆಯುತ್ತಿದ್ದ ಸದ್ದು ಕೇಳಿ ಉಮ್ಮರ್ ಕಾರಿನ ಬಾನೆಟ್ಟಿನ ಮೇಲೆ ಅದನ್ನೇ ನುಡಿಸಲು ಶುರು ಮಾಡಿದ್ದರು. ರಾಗ, ಮಾತು ಎಲ್ಲ ಹುಟ್ಟಿದ್ದು ಅದರ ಬೆನ್ನಿಗೆ.

"ತಾಳಕ್ಕೆ ಹಕ್ಕು ಅಂತ ಇರ್ಲಿಕ್ಕಿಲ್ಲ," ಎಂದರು ಫ್ಲೋಯ್ಡ್ ಮೆಲ್ಲಗೆ.

"ನಾವು ಕೊಟ್ಟರೆ ಉಂಟು," ಎಂದರು ಕ್ಯಾಸ್ಮಿರ್.

ಮರುದಿನ ಘಾಲಾಕ್ಕೆ ಹೋದರು. ಉಮ್ಮರ್ ಒಂದು ಲ್ಯಾಂಡ್ ಕ್ರೂಸರಿನ ಅಡಿಯಿಂದ ಹೊರಬಂದು ಕೈ ಒರೆಸಿಕೊಂಡರು. ಹಳೆಯ ಸಲುಗೆಯಲ್ಲಿ ಅವರು ಇಬ್ಬರನ್ನೂ, ಊರಿನಲ್ಲಿ ಕ್ರಿಶ್ಚಿಯನರನ್ನು ಕರೆಯುವ ಹಾಗೆ, ಪೊರ್ಬುಗಳೆಂದೇ ಕರೆಯುತ್ತಿದ್ದರು.

"ಉಮ್ಮರಾಕ, ಎಲ್ಲ ಹಾಡಿಗೂ ನಿಮ್ಮ ಹೆಸರು ಹಾಕುವ ಅಂತ. ಮೂರು ಪಾಲು," ಎಂದರು ಕ್ಯಾಸ್ಮಿರ್.

ಉಮ್ಮರ್ ನಕ್ಕರು. "ನಾನು ಬರೆದದ್ದು ಎಂಥದ್ದು ಪೊರ್ಬುಗಳೇ? ಬಡಿದದ್ದು ಅಷ್ಟೆ."

"ನೀವು ಬಡಿಯದಿದ್ದರೆ ಸೂರ್‌ನ ಹಾಡು ನಾನು ಬರೀತಾನೇ ಇರ್ಲಿಲ್ಲ," ಎಂದರು ಫ್ಲೋಯ್ಡ್.

ಉಮ್ಮರ್ ಸುಲೈಮಾನಿ ಚಹಾ ತರಿಸಿದರು. ಅರ್ಧ ಲೋಟ ಕುಡಿದು ಕೆಳಗಿಟ್ಟರು. ಆಮೇಲೆ ಹೇಳಿದರು: "ಉಳಿದದ್ದರಲ್ಲಿ ನೀವು ಹೇಳಿದ ಹಾಗೆ ನುಡಿಸಿದ್ದೇನೆ. ಅದು ನಿಮ್ಮದು, ನನಗೆ ಬೇಡ. ಆದರೆ ಸೂರ್‌ದು ಉಂಟಲ್ಲ, ಅದು ನನ್ನದೂ ಹೌದು. ಅದಕ್ಕೆ ಹಾಕಿ. ಮತ್ತೆ ಮಾತಿಲ್ಲ, ಖಲಾಸ್."

ಇಷ್ಟು ವರ್ಷ ಉಮ್ಮರ್‌ಗೆ ಅದು ಗೊತ್ತಿತ್ತು, ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ.  ಕ್ಯಾಸ್ಮಿರ್ ಗ್ರೀಸು ಹತ್ತಿದ ಆ ಕೈಯನ್ನು ಹಿಡಿದುಕೊಂಡರು. ಸಹಿ ಹಾಕಿದ ದಿನ ಅವರು ಅಂದುಕೊಂಡಷ್ಟು ಸಂಕಟವಾಗಲಿಲ್ಲ.

ಡಿಸೆಂಬರಿನಲ್ಲಿ ಕೊಂಕಣಿ ಸಂಘದವರು ಮೂವರನ್ನೂ ವೇದಿಕೆಗೆ ಹತ್ತಿಸಿದರು. ಹಾಡಬಹುದೇ ಎಂದು ಕ್ಯಾಸ್ಮಿರ್ ಮೊದಲೇ ಯಶ್ಮಿತಾಳನ್ನು ಕೇಳಿದ್ದರು. "ಹಾಡಿ ಅಂಕಲ್, ನಮಗೊಂದು ವಿಡಿಯೋ ಕಳಿಸಿ," ಎಂದಿದ್ದಳು. ಉಮ್ಮರ್‌ರ ಹೆಂಡತಿ ಮೈಮುನಾ ಮುಂದಿನ ಸಾಲಿನಲ್ಲಿ ಆಲಿಸ್ ಪಕ್ಕ ಕುಳಿತಿದ್ದರು. ಎರಡನೇ ಚರಣಕ್ಕೆ ಬಂದಾಗ ಫ್ಲೋಯ್ಡರಿಗೆ ತಾವೇ ಬರೆದ ಸಾಲು ಮರೆತುಹೋಯಿತು. ಅವರು ತಲೆ ಕೆರೆದುಕೊಳ್ಳುವಷ್ಟರಲ್ಲಿ ಸಭೆಯೇ ಅದನ್ನು ಎತ್ತಿಕೊಂಡು ಹಾಡಿತು. ಕ್ಯಾಸ್ಮಿರ್ ಗಿಟಾರಿನ ದನಿ ತಗ್ಗಿಸಿ ಕೇಳುತ್ತಾ ನಿಂತರು.